ಬಳ್ಳಾರಿ, ರಾಯಚೂರು, ಕೊಪ್ಪಳ: ಹಳೇ ಮಾಡೆಲ್ ಗಾಡಿಗಳು ರಸ್ತೆಯಿಂದ ಹೆಂಗೆ ಮರೆಯಾಗ್ತಾವೆ? ಯಾವ ಪಾರ್ಟು, ಯಾವ ಕಾಗದ?

ಬಳ್ಳಾರಿ_34

ನಮ್ಮ ಮೂರೂ ಜಿಲ್ಲೆಯ ರಸ್ತೆ ನೋಡಿದ್ರೆ ಒಂದು ಲೆಕ್ಕ ತಾಳೆ ಆಗಲ್ಲ. 1990ರ ದಶಕದ ಮಾರುತಿ 800 ಇವತ್ತಿಗೂ ಸಿರುಗುಪ್ಪ, ಮಾನ್ವಿ, ಕುಷ್ಟಗಿ ಕಡೆ ಓಡಾಡ್ತೈತೆ. ಅದು ಬಂದು ಎಷ್ಟೋ ವರ್ಷ ಆದಮೇಲೆ ಬಂದ ಓಪೆಲ್ ಕೋರ್ಸಾ, ದೇವೂ ಮಾಟಿಜ್ ಕಣ್ಣಿಗೇ ಬೀಳಲ್ಲ. ಬಜಾಜ್ ಚೇತಕ್ ಸಂತೆಗೆ ಬರ್ತೈತೆ, ಕೈನೆಟಿಕ್ ಹೋಂಡಾ ಬರಲ್ಲ. ಕಮಾಂಡರ್ ಜೀಪು ಉಳಿದೈತೆ, ಟಾಟಾ ಸಿಯೆರಾ ಹೋಗ್ಬಿಟ್ಟೈತೆ. ಅಂದ್ರೆ ವಯಸ್ಸೊಂದೇ ಇದನ್ನ ತೀರ್ಮಾನ ಮಾಡ್ತಿಲ್ಲ.

ಯಾವ ಗಾಡಿ ಯಾವುದರಿಂದ ನಿಂತಿತು ಅಂತ ಕೆಲಸ ಗೊತ್ತಿರೋರು ಬರೀರಿ. "ಪಾರ್ಟ್ಸ್ ಸಿಗಲ್ಲ" ಅಂತ ಒಂದೇ ಮಾತು ಬ್ಯಾಡ. ಯಾವ ಪಾರ್ಟು, ಅದರ ಜಾಗಕ್ಕೆ ಏನು ಕೂಡ್ತೈತೆ, ಯಾವ ಕಾಗದ ತಡೀತು, ಅದು ಬೇಕು. ಗಾಡಿ ಗುಜರಿ ತೂಕಕ್ಕೆ ಹಾಕೋ ಮುಂಚೆ ಒಬ್ಬರಾದ್ರೂ ಓದಿ ನಿಲ್ಲಿಸ್ಲಿ.

ಕೌಲ್‌ಬಜಾರ್ ಶೆಡ್

ಇಂಜಿನ್‌ನಿಂದ ಗಾಡಿ ಸಾಯೋದು ಕಮ್ಮಿ ಅಣ್ಣಾ. ಇಂಜಿನ್ ಅಂದ್ರೆ ಕಬ್ಬಿಣ. ಬೋರ್ ಮಾಡಿಸಬಹುದು, ಲೈನರ್ ಹಾಕಬಹುದು, ಕ್ರ್ಯಾಂಕ್ ಗ್ರೈಂಡ್ ಮಾಡಿಸಬಹುದು, ಬುಷ್‌ನ ಲೇತ್‌ನಲ್ಲಿ ತಿರುವಬಹುದು. ಗಾಡಿ ನಿಲ್ಲೋದು ಶೆಡ್‌ನಲ್ಲಿ ಮಾಡೋಕೆ ಬರದೇ ಇರೋ ಸಾಮಾನಿಂದ: ಬಗ್ಗಿದ ಗಾಜು, ಅಚ್ಚಲ್ಲಿ ತೆಗೆದ ರಬ್ಬರ್, ಹೆಡ್‌ಲೈಟ್, ಇಸಿಎಂ ಪೆಟ್ಟಿಗೆ (ಇಂಜಿನ್ ನಡೆಸೋ ಕಂಪ್ಯೂಟರ್).

ಸಿಯೆರಾ ತಗೊಳ್ಳಿ. 1991ರಲ್ಲಿ ಬಂತು. ಅದರ 1948 ಸಿಸಿ ಡೀಸೆಲ್ ಇಂಜಿನ್ ಟಾಟಾ 207 ಪಿಕಪ್‌ನಲ್ಲೂ ಇತ್ತು, ಮೊದಲ ಸುಮೋದ್ದೂ ಅದೇ ಕುಟುಂಬ. ಪಿಸ್ಟನ್, ರಿಂಗು, ಹೆಡ್ ಗ್ಯಾಸ್ಕೆಟ್‌ಗೆ ಇವತ್ತಿಗೂ ತೊಂದ್ರೆ ಇಲ್ಲ. ಆದ್ರೆ ಹಿಂದಿನ ಸೀಟಿನ ಪಕ್ಕ ಮಾಡಿನ ಕಡೆಗೆ ಬಗ್ಗಿದ ದೊಡ್ಡ ಗಾಜು ಐತಲ್ಲ, ಅದು ಆ ಗಾಡಿಗೆ ಬಿಟ್ಟು ಬೇರೆ ಯಾವುದಕ್ಕೂ ಇಲ್ಲ. ಅದು ಟಫನ್ ಮಾಡಿದ ಗಾಜು. ಒಂದು ಸಲ ಟಫನ್ ಆದ ಗಾಜನ್ನ ಕೊಯ್ಯೋಕೆ ಬರಲ್ಲ, ಕೊಯ್ದ್ರೆ ಪೂರ್ತಿ ಪುಡಿ. ಹಂಗಾಗಿ ಒಂದು ಕಲ್ಲು ಬಿದ್ರೆ ಗಾಡಿ ಶೆಡ್ ಹಿಂದಕ್ಕೆ ಹೋಗ್ತೈತೆ. 2025ರ ನವೆಂಬರ್‌ನಲ್ಲಿ ಸಿಯೆರಾ ಹೆಸರು ಮತ್ತೆ ಬಂತು. ಅದರ ಸಾಮಾನು ಹಳೇದಕ್ಕೆ ಕೂಡಲ್ಲ, ಕೌಂಟರ್‌ನಲ್ಲಿ ಕೇಳೋವಾಗ ಇಸವಿ ಹೇಳಿ ಕೇಳಿ.

ಜೀಪು ಉಳಿದಿರೋ ಗುಟ್ಟೂ ಇದೇ. ಮುಂದಿನ ಗಾಜು ಚಪ್ಪಟೆ. ಯಾವ ಗ್ಲಾಸ್ ಅಂಗಡಿಯಲ್ಲಾದ್ರೂ ಚಪ್ಪಟೆ ಲ್ಯಾಮಿನೇಟೆಡ್ ಗಾಜು ಕೊಯ್ಸಿ, ಮೀಟರ್ ಲೆಕ್ಕದ ರಬ್ಬರ್ ಬೀಡಿಂಗ್ ಹಾಕಿ ಕೂಡಿಸಬಹುದು. ಸಾದಾ ಕಿಟಕಿ ಗಾಜು ಮಾತ್ರ ಹಾಕ್ಬೇಡಿ, ಒಡೆದ್ರೆ ಚೂಪಾದ ತುಂಡು ಮುಖಕ್ಕೆ ಬರ್ತೈತೆ. ಟೈರ್ 6.00-16, ಅದು ಟ್ರ್ಯಾಕ್ಟರ್ ಮುಂದಿನ ಗಾಲಿಗೂ ಹಾಕೋ ಅಳತೆ. ಒಕ್ಕಲುತನ ಇರೋ ತನಕ ಆ ಸೈಜು ಸಿಗ್ತೈತೆ. ಆದ್ರೆ ತಗೊಳ್ಳೋವಾಗ ಜೀಪಿನದೇ ಕೇಳಿ. ಟ್ರ್ಯಾಕ್ಟರ್ ಟೈರು ರಸ್ತೆ ಸ್ಪೀಡಿಗೆ ಮಾಡಿದ್ದಲ್ಲ, ಬಿಸಿ ಆಗಿ ಸಿಡೀತೈತೆ. ಪದ್ಮಿನಿಗೆ 5.20-14, ಅಂಬಾಸಿಡರ್‌ಗೆ 5.90-15. ಇವೆರಡೂ ಬೇರೆ ಯಾರಿಗೂ ಬೇಡದ ಅಳತೆ, ಹಂಗಾಗಿ ಅಂಗಡಿಯವರು ಸ್ಟಾಕ್ ಇಡಲ್ಲ.

ಮಾರುತಿ 800 ಮಾಡೋದು 2014ರ ಜನವರಿಗೆ ನಿಂತ್ರೂ ಓಮ್ನಿ 2019ರ ತನಕ ಅದೇ 796 ಸಿಸಿ ಇಂಜಿನ್ ಕುಟುಂಬದಲ್ಲಿ ಬಂತು. 12 ಇಂಚಿನ ಟೈರು ಆಲ್ಟೊಗೂ ಐತೆ. ಒಂದು ಮಾಡೆಲ್ ಎಷ್ಟು ದಿನ ಬದುಕ್ತೈತೆ ಅಂದ್ರೆ ಅದರ ನೆಂಟರು ಎಷ್ಟು ದಿನ ರಸ್ತೆ ಮೇಲಿದ್ರೆ ಅಷ್ಟು. ಕೋರ್ಸಾಕ್ಕೆ ಇಲ್ಲಿ ನೆಂಟರೇ ಇಲ್ಲ. ಓಪೆಲ್ 2006ಕ್ಕೆ ದೇಶ ಬಿಟ್ಟಿತು. ಕಾರ್ಬೊರೇಟರ್ ಇದ್ದಿದ್ರೆ ಬೇರೆ ಗಾಡಿದು ತಂದು ಅಡ್ಜಸ್ಟ್ ಮಾಡಬಹುದಿತ್ತು. ಇಸಿಎಂ, ಕ್ರ್ಯಾಂಕ್ ಸೆನ್ಸರ್, ಇಮ್ಮೊಬಿಲೈಸರ್ (ಕಳ್ಳತನ ತಡೆಯೋ) ಕೀ ಇವು ಒಂದಕ್ಕೊಂದು ಜೋಡಿ. ಒಂದು ಹೋದ್ರೆ ಕಿಡಿ ಬರಲ್ಲ.

ರಾಯಚೂರು ಡೀಸೆಲ್ ಪಂಪ್

ಶೆಡ್ ಅಣ್ಣಾರ ಮಾತು ಖರೇ ಅದ. ಅದಕ್ಕ ಎದುರು ಉದಾಹರಣೆ ಫಿಯೆಟ್ ಪುಂಟೋ. ಕಂಪನಿ ಹೋತು, ಆದ್ರ ಅದರ 1248 ಸಿಸಿ ಮಲ್ಟಿಜೆಟ್ ಡೀಸೆಲ್ ಇಂಜಿನ್ ಸ್ವಿಫ್ಟ್‌ನಾಗ, ಇಂಡಿಕಾ ವಿಸ್ಟಾದಾಗ ಅದ. ಇಂಜಿನ್ ಕೆಲಸ ಯಾವ ಊರಾಗ ಬೇಕಾದ್ರೂ ಆಗ್ತದ. ಬಂಪರ್ ಒಡೀತಂದ್ರ ಹುಡುಕಬೇಕು.

ಮೆಟಡಾರ್ ಬಗ್ಗೆ ಹೇಳ್ತೀನಿ. ಒಂದು ಕಾಲಕ್ಕ ಲಿಂಗಸೂಗೂರು, ದೇವದುರ್ಗ ದಾರಿ ಮ್ಯಾಲ ಮಂದಿ ತುಂಬಿಕೊಂಡು ಓಡಾಡಿದ ಗಾಡಿ. ನಂತರದ ಮೆಟಡಾರ್‌ಗೆ ಮರ್ಸಿಡಿಸ್ ಲೈಸೆನ್ಸಿನ ಓಎಂ 616 ಡೀಸೆಲ್ ಇಂಜಿನ್, 2.4 ಲೀಟರ್. ಅದೇ ಇಂಜಿನ್ ಟೆಂಪೊ ಟ್ರ್ಯಾಕ್ಸ್‌ನಾಗ ವರ್ಷಗಟ್ಟಲೆ ಓಡ್ತು. ಹಂಗಾಗಿ ಮೆಟಡಾರ್ ಬಾಡಿ ತುಕ್ಕು ಹಿಡಿದು ಗುಜರಿಗೆ ಹೋದ್ರೂ ಇಂಜಿನ್ ಟ್ರ್ಯಾಕ್ಸಿಗೆ ಹೋತು. ಗಾಡಿ ಕಳೀತು, ಇಂಜಿನ್ ಇನ್ನೊಂದರೊಳಗ ಜೀವಂತ.

ಈ ಇಂಜಿನ್ "ಮುಂಜಾನೆ ಸ್ಟಾರ್ಟ್ ಆಗವಲ್ದು, ಕಂಪ್ರೆಶನ್ ಹೋಗ್ಯದ" ಅಂತ ಎಷ್ಟೋ ಮಂದಿ ಮಾರಿಬಿಟ್ಟಾರ. ಬಹಳ ಸಲ ಅದು ಬರೇ ವಾಲ್ವ್ ಅಂತರ. ತಣ್ಣಗಿದ್ದಾಗ ಇನ್‌ಟೇಕ್ 0.10 ಮಿ.ಮೀ, ಎಕ್ಸಾಸ್ಟ್ 0.30 ಮಿ.ಮೀ ಇರಬೇಕು. ಓಡ್ತಾ ಓಡ್ತಾ ಎಕ್ಸಾಸ್ಟ್ ವಾಲ್ವ್ ಸೀಟಿನೊಳಗ ಇಳೀತದ, ಅಂತರ ಸಣ್ಣದಾಗ್ತದ, ವಾಲ್ವ್ ಪೂರಾ ಮುಚ್ಚಂಗಿಲ್ಲ, ಗಾಳಿ ಸೋರ್ತದ. 14 ನಂಬರಿನ ಸ್ಪ್ಯಾನರ್ ಎರಡು, ಫೀಲರ್ ಗೇಜ್ ಒಂದು, ಅರ್ಧ ದಿನದ ಕೆಲಸ. ಅದು ಮಾಡಿದ ಮ್ಯಾಲೂ ಹತ್ತಲಿಲ್ಲಂದ್ರ ಹೀಟರ್ ಪ್ಲಗ್ ನೋಡ್ರಿ, ಆಮ್ಯಾಲ ನಾಜಲ್. ನಾಜಲ್ ತೆರೆಯೋ ಒತ್ತಡ 115ರಿಂದ 125 ಬಾರ್. 100ಕ್ಕಿಂತ ಇಳಿದಿದ್ರ ಡೀಸೆಲ್ ಹನಿಹನಿ ಬೀಳ್ತದ, ಹೊಗೆ ಕರಿ ಬರ್ತದ. ಮೊದಲು ಇವು ಮೂರು ನೋಡ್ರಿ, ಇಂಜಿನ್ ಬಿಚ್ಚೋದು ಆಮ್ಯಾಲ.

ಪಂಪಿನ ವಿಷಯ: ಇನ್‌ಲೈನ್ ಪಂಪಿನ ಕ್ಯಾಮ್ ಇಂಜಿನ್ ಆಯಿಲ್‌ನಾಗ ತಿರಗ್ತದ, ರೋಟರಿ ಪಂಪ್ ಪೂರಾ ಡೀಸೆಲ್‌ನ್ಯಾಗೇ ತೊಯ್ದಿರ್ತದ. ಗಾಡಿ ವರ್ಷಗಟ್ಟಲೆ ನಿಲ್ಲಿಸಿದ್ರ ರೋಟರಿ ಮೊದಲು ಕೆಡ್ತದ, ಡೀಸೆಲ್‌ನಾಗ ನೀರು ಇಳಿದು ಒಳಗ ತುಕ್ಕು. ನಿಲ್ಲಿಸೋ ಗಾಡಿಗೆ ಫಿಲ್ಟರಿನ ಕೆಳಗಿನ ನೀರು ಬಿಟ್ಟು, ಟ್ಯಾಂಕ್ ತುಂಬಿಸಿ ನಿಲ್ಲಿಸಬೇಕು. ಖಾಲಿ ಟ್ಯಾಂಕಿನಾಗ ಗಾಳಿಯ ತೇವ ನೀರಾಗಿ ಇಳೀತದ.

ಕೊಪ್ಪಳ_37

ಟೂ ಸ್ಟ್ರೋಕ್ ಗಾಡಿ ಬಗ್ಗೆ ಯಾರಾದ್ರೂ ಬರೀರಿ. ಯೆಜ್ಡಿ, ರಾಜದೂತ್, ಆರ್‌ಎಕ್ಸ್ 100 ಎಲ್ಲಾ ರೇಟ್ ಏರ್ಯಾವು, ಆದ್ರೂ ರಸ್ತೆ ಮ್ಯಾಲ ಕಮ್ಮಿ ಆಗಕತ್ಯಾವು. ರೇಟ್ ಬಂದ್ರ ಉಳೀಬೇಕಿತ್ತಲ್ಲ?

ಗಂಗಾವತಿ ಟೂ ಸ್ಟ್ರೋಕ್

ರೇಟ್ ಬಂದಿದ್ದಕ್ಕ ಕಮ್ಮಿ ಆದ್ವು ನೋಡ್ರಿ. ಎರಡು ಕಾರಣ ಐತಿ. ಒಂದು, ಚಲೋ ಗಾಡಿ ಎನ್‌ಒಸಿ (ಬ್ಯಾರೆ ಕಡಿ ಒಯ್ಯಾಕ ಆರ್‌ಟಿಓ ಕೊಡೋ ಪತ್ರ) ತಗೊಂಡು ದೊಡ್ಡ ಊರಿಗೆ ಹೋಗ್ತಾವು. ಅವು ಸತ್ತಿಲ್ಲ, ನಮ್ಮ ರಸ್ತೆ ಬಿಟ್ಟಾವು ಅಷ್ಟ. ಇನ್ನೊಂದು, ಮೂರು ಗಾಡಿ ಬಿಚ್ಚಿ ಒಂದು ಗಾಡಿ ಕಟ್ಟತಾರ. ಒಂದರ ಟ್ಯಾಂಕು, ಒಂದರ ಕ್ರ್ಯಾಂಕು, ಒಂದರ ಆರ್‌ಸಿ. ಕಟ್ಟಿದ್ದು ಹೊಳೀತೈತಿ, ಉಳಿದ ಎರಡರ ಚಾಸಿ ತೂಕಕ್ಕ. ಚಾಸಿ ನಂಬರ್ ಕಟ್ ಮಾಡಿ ಇನ್ನೊಂದಕ್ಕ ಬೆಸಿಗಿ ಹಾಕಿದ್ದು ಅಪರಾಧ. ತಗೊಳ್ಳೋವಾಗ ನಂಬರ್ ಸುತ್ತ ಬಣ್ಣ ಕೆರದು ನೋಡ್ರಿ, ಬೆಸಿಗಿ ಗೆರಿ ಇದ್ರ ಆ ಗಾಡಿ ಬ್ಯಾಡ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನಿ 1996ಕ್ಕ ಮುಚ್ಚೇತಿ. ನಮ್ಮ ರಾಜ್ಯದಾಗ ಹುಟ್ಟಿದ ಗಾಡಿ, ಅದಕ್ಕ ಮನಸ್ಸಿಗೆ ಹತ್ತತೈತಿ. 2022ರಾಗ ಯೆಜ್ಡಿ ಹೆಸರಲೇ ಹೊಸ ಗಾಡಿ ಬಂದಾವು, ಅವು ಫೋರ್ ಸ್ಟ್ರೋಕ್, ಹಳೇದಕ್ಕ ಒಂದು ಸಾಮಾನೂ ಕೂಡಂಗಿಲ್ಲ.

ಯೆಜ್ಡಿ 250 ಅಂದ್ರ 65 ಮಿ.ಮೀ ಬೋರು, 75 ಮಿ.ಮೀ ಸ್ಟ್ರೋಕು. ಸೀಜ್ ಆತಂದ್ರ ಎಲ್ಲಾರೂ ಪಿಸ್ಟನ್ ಬದಲಿ ಮಾಡಸ್ತಾರ. ಓವರ್‌ಸೈಜ್ 0.25, 0.50, 0.75, 1.00 ಅಂತ ಏರಕೋತ ಹೋಗೋದು, ನಾಲ್ಕು ಸಲಕ್ಕ ಬ್ಲಾಕ್ ಮುಗೀತು, ಮುಂದ ಹೊಸ ಲೈನರ್. ಖರೇ ರೋಗ ಪಿಸ್ಟನ್‌ನಾಗ ಇರಂಗಿಲ್ಲ, ಕ್ರ್ಯಾಂಕಿನ ಆಯಿಲ್ ಸೀಲ್‌ನಾಗ ಇರತೈತಿ. ಟೂ ಸ್ಟ್ರೋಕಿಗೆ ಕ್ರ್ಯಾಂಕ್ ಕೇಸ್ ಅಂದ್ರ ಪಂಪ್ ಇದ್ದಂಗ. ಸೀಲ್ ಕಲ್ಲಾಗಿ ಗಾಳಿ ಎಳದ್ರ ಪೆಟ್ರೋಲ್ ಕಮ್ಮಿ, ಗಾಳಿ ಹೆಚ್ಚು, ಬೆಂಕಿ ಹೆಚ್ಚು. ಬ್ಯಾಸಿಗಿಯೊಳಗ ಗಂಗಾವತಿಯಿಂದ ಸಿಂಧನೂರು ಮುಟ್ಟೂದ್ರಾಗ ಪಿಸ್ಟನ್ ಕಚ್ಚತೈತಿ. ಹೊಸ ಪಿಸ್ಟನ್ ಹಾಕಿದ್ರ ಅದೂ ಕಚ್ಚತೈತಿ, ಮಾಲೀಕ ಬ್ಯಾಸತ್ತು ಮಾರತಾನ.

ಬಿಚ್ಚೂಕ್ಕಿಂತ ಮೊದಲ ಪರೀಕ್ಷೆ ಹಿಂಗ ಮಾಡ್ರಿ:
1. ಕಾರ್ಬೊರೇಟರ್, ಸೈಲೆನ್ಸರ್ ತಗದು ಎರಡೂ ತೂತಿಗೆ ರಬ್ಬರ್ ಹಚ್ಚಿ ಬಿಗೀರಿ. ಯೆಜ್ಡಿಗೆ ಎಕ್ಸಾಸ್ಟ್ ಎರಡು, ಎರಡೂ ಮುಚ್ಚಬೇಕು.
2. ಪಿಸ್ಟನ್ ಕೆಳಗಿನ ತುದಿಗೆ ತಂದು, ಪ್ಲಗ್ ತೂತಿಂದ ಕೈಪಂಪಲೇ 6 ಪಿಎಸ್‌ಐ ಗಾಳಿ ಹಾಕ್ರಿ. ಇದಕ್ಕಿಂತ ಹೆಚ್ಚು ಹಾಕಬ್ಯಾಡ್ರಿ, ಚಲೋ ಇದ್ದ ಸೀಲೂ ಹೊರಗ ಬರತೈತಿ.
3. 6 ನಿಮಿಷ ನಿಲ್ಲಬೇಕು. ನಿಮಿಷಕ್ಕ 1 ಪಿಎಸ್‌ಐಕ್ಕಿಂತ ಜಾಸ್ತಿ ಇಳದ್ರ ಸೋರಿಕಿ ಐತಿ.
4. ಸೋಪಿನ ನೀರು ಹಚ್ಚಿ ಗುಳ್ಳಿ ನೋಡ್ರಿ: ಬ್ಲಾಕ್ ಬುಡ, ಕೇಸಿನ ಜೋಡಣಿ, ಮ್ಯಾಗ್ನೆಟ್ ಕಡಿ ಸೀಲ್. ಕ್ಲಚ್ ಕಡಿ ಸೀಲ್ ಹೋಗಿದ್ರ ಗುಳ್ಳಿ ಹೊರಗ ಕಾಣಂಗಿಲ್ಲ, ಗೇರ್ ಆಯಿಲ್ ಹಾಕೋ ತೂತಿಂದ ಗಾಳಿ ಬರತೈತಿ. ಅಂಥ ಗಾಡಿ ಗೇರ್ ಆಯಿಲ್ ಕುಡಿದು ಬಿಳಿ ಹೊಗಿ ಬಿಡತೈತಿ.

ಸೀಲ್ ಕಂಪನಿ ಹೆಸರಲೇ ಹುಡುಕಬ್ಯಾಡ್ರಿ. ಒಳ ಅಳತಿ, ಹೊರ ಅಳತಿ, ದಪ್ಪ, ಮೂರು ನಂಬರ್ ಸೀಲ್ ಮ್ಯಾಲೇ ಬರದಿರತೈತಿ. ಬೇರಿಂಗೂ ಹಂಗ: 6204 ಅಂದ್ರ 20×47×14, 6205 ಅಂದ್ರ 25×52×15, ಟ್ರ್ಯಾಕ್ಟರಿಗೂ ಅದ, ಮೋಟಾರಿಗೂ ಅದ. ಬೇರಿಂಗ್ ಅಂಗಡಿಗೆ ಹೋಗ್ರಿ, ಬೈಕ್ ಅಂಗಡಿಗೆ ಬ್ಯಾಡ.

ಚೇತಕ್ ಉಳಿದಿದ್ದಕ್ಕ ಕಾರಣ ಭಾಳ ಗಾಡಿ ಇದ್ದದ್ದು, ಮತ್ತ ಬಜಾಜ್ ಸೂಪರಿನ ಸಾಮಾನು ಅದಕ್ಕ ಕೂಡೂದು. ಎರಡನೇ ಗೇರ್ ಜಿಗದ್ರ ಪೂರಾ ಗೇರ್ ಬದಲಿ ಮಾಡೂದು ಬ್ಯಾಡ, ಒಳಗಿನ ಕ್ರಾಸ್ (ಗೇರ್ ಹಿಡಿಯೋ ನಾಲ್ಕು ಮೂಲಿ ತುಂಡು) ಸವದಿರತೈತಿ, ಅದೊಂದ ಹಾಕ್ರಿ. 3.50-10 ಟೈರೂ ಸಿಗತೈತಿ. ಕೈನೆಟಿಕ್ ಹೋಂಡಾದಾಗ ಆಯಿಲ್ ಪಂಪ್ ಬ್ಯಾರೆ, ಬೆಲ್ಟು ಬ್ಯಾರೆ, ವೇರಿಯೇಟರ್ ರೋಲರ್ ಬ್ಯಾರೆ. ಪಂಪ್ ನಿಂತಿದ್ದು ಗೊತ್ತಾಗಂಗಿಲ್ಲ, ಆಯಿಲ್ ಟ್ಯಾಂಕ್ ತುಂಬೇ ಇರತೈತಿ, ಇಂಜಿನ್ ಒಣಗಿ ಕಚ್ಚತೈತಿ. ಒಂದು ಟ್ಯಾಂಕ್ ಪೆಟ್ರೋಲ್ ಖರ್ಚಾದ್ರೂ ಆಯಿಲ್ ಮಟ್ಟ ಇಳೀಲಿಲ್ಲ ಅಂದ್ರ ಅವತ್ತ ಗಾಡಿ ನಿಲ್ಲಸ್ರಿ.

ಕೌಲ್‌ಬಜಾರ್ ಶೆಡ್

ಗಂಗಾವತಿ ಅಣ್ಣನ ಪರೀಕ್ಷೆಗೆ ಒಂದು ಸೇರಿಸ್ತೀನಿ. ಈಗ ಬರ್ತಿರೋ ಇ20 ಪೆಟ್ರೋಲ್‌ನಲ್ಲಿ ನೂರಕ್ಕೆ 20 ಪಾಲು ಎಥನಾಲ್. ಎಥನಾಲ್‌ನಲ್ಲೇ ಆಮ್ಲಜನಕ ಇರೋದ್ರಿಂದ ಕಾರ್ಬೊರೇಟರ್ ಗಾಡಿಗೆ ಮಿಶ್ರಣ ತೆಳ್ಳಗಾಗ್ತೈತೆ. ಮೇನ್ ಜೆಟ್ ಒಂದು ಸೈಜ್ ಏರಿಸಿ, 10 ಕಿ.ಮೀ ಓಡಿಸಿ, ಪ್ಲಗ್ ತೆಗೆದು ಬಣ್ಣ ನೋಡಿ. ಬಿಳಿ ಇದ್ರೆ ಇನ್ನೂ ತೆಳ್ಳಗೆ, ಕಾಫಿ ಪುಡಿ ಬಣ್ಣ ಬಂದ್ರೆ ಸರಿ. 2ಟಿ ಆಯಿಲ್‌ನ (ಟೂ ಸ್ಟ್ರೋಕಿಗೆ ಪೆಟ್ರೋಲ್ ಜೊತೆ ಬೆರೆಸೋ ಎಣ್ಣೆ) ನೇರ ಟ್ಯಾಂಕಿಗೆ ಸುರೀಬೇಡಿ, ಡಬ್ಬಿಯಲ್ಲಿ ಪೆಟ್ರೋಲ್ ಜೊತೆ ಅಲ್ಲಾಡಿಸಿ ಆಮೇಲೆ ಹಾಕಿ.

ಅಂಬಾಸಿಡರ್, ಪದ್ಮಿನಿಗೆ ಇದರ ಹೊಡೆತ ಬೇರೆ ಥರ. ಇಂಜಿನ್ ಪಕ್ಕದ ಮೆಕಾನಿಕಲ್ ಪೆಟ್ರೋಲ್ ಪಂಪಿನ ಡಯಾಫ್ರಮ್ ಹಳೇ ರಬ್ಬರ್; ಎಥನಾಲ್ ತಾಗಿ ಉಬ್ಬಿ, ಆಮೇಲೆ ಬಿರುಕು ಬಿಡ್ತೈತೆ. ಬಿರುಕು ಬಿಟ್ರೆ ಪೆಟ್ರೋಲ್ ಹೊರಗೆ ಸುರೀಬೇಕು ಅಂತಿಲ್ಲ, ಸಂಪಿಗೂ ಇಳೀಬಹುದು. ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಇದ್ರೆ, ಆಯಿಲ್ ಮಟ್ಟ ಏರಿದ್ರೆ, ಸ್ಟಾರ್ಟ್ ಮಾಡಲೇಬೇಡಿ. ತೆಳ್ಳಗಾದ ಆಯಿಲ್ ಬೇರಿಂಗ್ ತಿಂದ್ಬಿಡ್ತೈತೆ. ಡಯಾಫ್ರಮ್ ಮತ್ತು ಪೈಪ್ ಎರಡನ್ನೂ ವೈಟಾನ್ ರಬ್ಬರಿನದ್ದಕ್ಕೆ ಬದಲಿಸಿ.

ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಇನ್ನೊಂದು: ಓಡಿಸಿ 10 ನಿಮಿಷ ನಿಲ್ಲಿಸಿದ್ರೆ ಮತ್ತೆ ಹತ್ತಲ್ಲ. ಪಂಪಿನಲ್ಲೇ ಪೆಟ್ರೋಲ್ ಕುದ್ದು ಆವಿ ಆಗಿರ್ತೈತೆ, ಪಂಪ್ ಬರೀ ಆವಿ ಎಳೀತೈತೆ. ಒದ್ದೆ ಬಟ್ಟೆ ಪಂಪ್ ಮೇಲೆ ಹಾಕೋದು ದಾರಿಯ ಮದ್ದು. ಕಾಯಂ ಮದ್ದು ಅಂದ್ರೆ ಪಂಪಿಗೂ ಬ್ಲಾಕಿಗೂ ನಡುವೆ ದಪ್ಪ ಬೇಕಲೈಟ್ ತುಂಡು, ಪೈಪು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಿಂದ ದೂರ. ಬೇಕಲೈಟ್ ಹಾಕಿದ್ರೆ ಪಂಪಿನ ಲಿವರ್ ಕ್ಯಾಮ್‌ಗೆ ಮುಟ್ಟೋದು ಕಮ್ಮಿ ಆಗ್ತೈತೆ, ಬಿಗಿಯೋ ಮುಂಚೆ ಕೈಯಿಂದ ಇಂಜಿನ್ ತಿರುಗಿಸಿ ನೋಡ್ಕೊಳ್ಳಿ.

ಅಂಬಾಸಿಡರ್ ಮುಂದಿನ ಸಸ್ಪೆನ್ಷನ್‌ನಲ್ಲಿ ಟ್ರನಿಯನ್ (ಗಾಲಿ ತಿರುಗೋ, ಥ್ರೆಡ್ ಇರೋ ಕೀಲು) ಐತೆ. ಗ್ರೀಸ್ ಹೊಡೆದ್ರೆ ದಶಕ ಬಾಳ್ತೈತೆ, ಬಿಟ್ರೆ ಒಣಗಿ ಥ್ರೆಡ್ ಸವೆದು ಗಾಲಿ ಮಡಚ್ಕೊಳ್ತೈತೆ. 1,500 ಕಿ.ಮೀಗೊಮ್ಮೆ ಗ್ರೀಸ್. ಜಾಕ್ ಏರಿಸಿ, ಗಾಲಿ ನೆಲ ಬಿಟ್ಟಮೇಲೆ ಹೊಡೀರಿ. ಭಾರ ಕೂತಿದ್ರೆ ಒತ್ತಿದ ಕಡೆಗೆ ಗ್ರೀಸ್ ಹೋಗಲ್ಲ.

ಆರ್‌ಸಿ ಬುಕ್ಕು

ಮೆಕಾನಿಕ್‌ಗಳು ಗಾಡಿ ಎಬ್ಬಿಸಿದ ಮೇಲೂ ಕಾಗದ ಅದನ್ನು ಮಲಗಿಸುತ್ತದೆ. ಈ ಮೂರು ಜಿಲ್ಲೆಯ ಶೆಡ್‌ಗಳಲ್ಲಿ ಓಡುವ ಸ್ಥಿತಿಯಲ್ಲೇ ನಿಂತ ಗಾಡಿಗಳಿಗೆ ದೊಡ್ಡ ಕಾರಣ ಇದು ಎಂಬುದು ನನ್ನ ಖಚಿತ ಅಭಿಪ್ರಾಯ. ಆದ್ದರಿಂದ ವಿವರವಾಗಿ ಬರೆಯುತ್ತೇನೆ.

ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ಅರ್ಜಿ ಫಾರಂ 25, ಅವಧಿ ಮುಗಿಯುವ ಮುಂಚಿನ 60 ದಿನದೊಳಗೆ ಹಾಕಬಹುದು. ಜೊತೆಗೆ ಮೂಲ ಆರ್‌ಸಿ, ಚಾಲ್ತಿ ವಿಮೆ, ಹೊಗೆ ತಪಾಸಣೆ ಪತ್ರ, ತೆರಿಗೆ ಬಾಕಿ ಇಲ್ಲದ ದಾಖಲೆ, ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್. ಗಾಡಿಯನ್ನು ಕಚೇರಿಗೆ ತಂದು ತೋರಿಸಬೇಕು.

ಶುಲ್ಕ ಏರಿದ್ದೇ ಹಲವು ಸ್ಕೂಟರ್‌ಗಳ ಕಥೆ ಮುಗಿಸಿತು. 2022ರ ಏಪ್ರಿಲ್ 1ರಿಂದ ದ್ವಿಚಕ್ರದ ನವೀಕರಣ ₹300ರಿಂದ ₹1,000ಕ್ಕೆ, ಕಾರಿನದು ₹600ರಿಂದ ₹5,000ಕ್ಕೆ ಹೋಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದವಕ್ಕೆ ಮತ್ತೆ ಏರಿ ದ್ವಿಚಕ್ರಕ್ಕೆ ₹2,000, ಕಾರಿಗೆ ₹10,000 ಆಯಿತು. ತಡಕ್ಕೆ ದ್ವಿಚಕ್ರಕ್ಕೆ ತಿಂಗಳಿಗೆ ₹300, ಉಳಿದವಕ್ಕೆ ₹500. ಮೂರು ವರ್ಷ ಮರೆತು ನಿಲ್ಲಿಸಿದ ಸ್ಕೂಟರ್‌ಗೆ 36×300, ಅಂದರೆ ₹10,800 ತಡದ ಹಣವೇ ಆಗುತ್ತದೆ. ಸ್ಕೂಟರ್ ಬೆಲೆ ಅಷ್ಟಿರುವುದಿಲ್ಲ, ಗುಜರಿಯವನು ಗೆಲ್ಲುತ್ತಾನೆ. ಗಾಡಿ ಓಡಲಿ, ನಿಲ್ಲಲಿ, ದಿನಾಂಕ ಮಾತ್ರ ಬಿಡಬೇಡಿ.

ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದರೆ:

ಹಳೆಯ ಪುಸ್ತಕದ ಆರ್‌ಸಿ ಇರುವ ಗಾಡಿ ವಾಹನ್ ಕಂಪ್ಯೂಟರ್ ದಾಖಲೆಯಲ್ಲಿ ಇಲ್ಲದೇ ಇರಬಹುದು. ಆಗ ಆನ್‌ಲೈನ್‌ನಲ್ಲಿ ಯಾವ ಅರ್ಜಿಯೂ ತೆರೆಯುವುದಿಲ್ಲ. ಮೊದಲು ನೋಂದಣಿ ಆದ ಕಚೇರಿಯಲ್ಲೇ (ಬಳ್ಳಾರಿ 34, ಹೊಸಪೇಟೆ 35, ರಾಯಚೂರು 36, ಕೊಪ್ಪಳ 37) ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ಮೂಲ ಪುಸ್ತಕ ಇದ್ದರೆ ಕೆಲಸ ಸಲೀಸು. ಅದು ಕಳೆದಿದ್ದರೆ ಪೊಲೀಸ್ ದೂರಿನ ಪ್ರತಿ ಜೊತೆ ಫಾರಂ 26ರಲ್ಲಿ ನಕಲು ಕೇಳಬೇಕು.

ಸಾಲದ ನಮೂದು. 20 ವರ್ಷದ ಹಿಂದೆ ಕಂತು ತೀರಿದ್ದರೂ ಆರ್‌ಸಿಯಲ್ಲಿ ಫೈನಾನ್ಸ್ ಹೆಸರು ಉಳಿದಿರುತ್ತದೆ. ತೆಗೆಯಲು ಫಾರಂ 35, ಅದಕ್ಕೆ ಸಾಲ ಕೊಟ್ಟವರ ಸಹಿ. ಆ ಕಂಪನಿ ಮುಚ್ಚಿದ್ದರೆ ಯಾವುದರಲ್ಲಿ ವಿಲೀನವಾಗಿದೆ ಎಂದು ಹುಡುಕಿ, ಅವರಿಂದ ಪತ್ರ ತರಬೇಕು. ಗಾಡಿ ಕೊಳ್ಳುವವರು ಇಂಜಿನ್ ಶಬ್ದ ಕೇಳುವ ಮುಂಚೆ ಈ ಸಾಲು ಓದಿ.

ಕೊಪ್ಪಳ_37

ಮಾಲೀಕರು ತೀರಿಕೊಂಡು, ಗಾಡಿ ಅವರ ಹೆಸರಲೇ ಉಳಿದಿದ್ರ ಏನ್ರಿ ಮಾಡಬೇಕು? ಹಳ್ಳಿಯೊಳಗ ಹಂಗ ನಿಂತಿರೋದು ಭಾಳ ಅದಾವು.

ಆರ್‌ಸಿ ಬುಕ್ಕು

ಫಾರಂ 31. ತೀರಿಕೊಂಡ 30 ದಿನದೊಳಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ಈ ಅರ್ಜಿ ಹಾಕಬೇಕು. ಮರಣ ಪತ್ರ, ವಂಶಾವಳಿ ಅಥವಾ ವಾರಸಾ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಜೊತೆಗಿರಲಿ. ಅವಧಿ ದಾಟಿದ್ದರೂ ಅರ್ಜಿ ಹಾಕಿ, ತಡದ ಶುಲ್ಕ ಕಟ್ಟಬೇಕಾಗುತ್ತದೆ. ತೀರಿದವರ ಸಹಿ ಹಾಕಿ ಫಾರಂ 29, 30ರಲ್ಲಿ ಮಾರುವುದು ಫೋರ್ಜರಿ. ಮುಂದೆ ಕೊಂಡವರಿಗೂ ಗಾಡಿ ದಕ್ಕುವುದಿಲ್ಲ.

50 ವರ್ಷ ದಾಟಿದ ಸ್ವಂತ ಬಳಕೆಯ ದ್ವಿಚಕ್ರ, ನಾಲ್ಕು ಚಕ್ರದ ಗಾಡಿಗಳಿಗೆ 2021ರಿಂದ ವಿಂಟೇಜ್ ನೋಂದಣಿ ಇದೆ. ನಂಬರಿನಲ್ಲಿ "ವಿಎ" ಅಕ್ಷರ, ಶುಲ್ಕ ₹20,000, ಅವಧಿ 10 ವರ್ಷ, ಮರುನೋಂದಣಿಗೆ ₹5,000. ಆದರೆ ದಿನನಿತ್ಯ ಓಡಿಸುವಂತಿಲ್ಲ: ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿಗೆ ಮಾತ್ರ. ಸಂತೆಗೆ ಹೋಗುವ ಸ್ಕೂಟರ್‌ಗೆ ಇದು ದಾರಿಯಲ್ಲ, 5 ವರ್ಷದ ನವೀಕರಣವೇ ಸರಿ.

ಸಿಂಧನೂರು ಗದ್ದೆ

ಕಾರು, ಬೈಕು ಅಂತ ಎಲ್ಲಾರೂ ಬರೀತೀರಿ, ಟ್ರ್ಯಾಕ್ಟರ್ ಬಿಟ್ಟೀರಿ. ತುಂಗಭದ್ರಾ ಎಡದಂಡೆ ನಾಲೆ ಭಾಗದಾಗ ಮೊದಲು ಕಳೆದು ಹೋಗಿದ್ದು ಅವೇ. ಎಚ್‌ಎಂಟಿ ಪಿಂಜೋರ್ ಕಾರ್ಖಾನ್ಯಾಗ 1971ರಲ್ಲಿ ಜೆಟರ್ ತಂತ್ರದ ಮ್ಯಾಲ 2511 ಸುರು ಆತು, ಆಮ್ಯಾಲ 3522, 5911 ಬಂದ್ವು. 2016ಕ್ಕ ಕೇಂದ್ರ ಸರಕಾರ ಆ ಟ್ರ್ಯಾಕ್ಟರ್ ಘಟಕ ಮುಚ್ಚಲಿಕ್ಕೆ ಒಪ್ಪಿಗಿ ಕೊಟ್ತು. ಬಿಡಿಭಾಗ ಲೂಧಿಯಾನಾದಿಂದ ಬರ್ತಾವ, ಅದಕ್ಕೇನು ಬರ ಇಲ್ಲ. 5911 ಕೆಡಿಸಿದ್ದು ಗದ್ದೆಯ ಕೆಸರು.

ಕೇಜ್‌ವೀಲ್ (ಕೆಸರಿಗೆ ಹಾಕೋ ಕಬ್ಬಿಣದ ಗಾಲಿ) ಹಾಕಿ ಗದ್ದೆ ಹೊಡೆಯೋವಾಗ ಆಕ್ಸಲ್ ತನಕ ಕೆಸರು. ಹಿಂದಿನ ಆಕ್ಸಲ್ ಸೀಲ್ ಸ್ವಲ್ಪ ಸವೆದಿದ್ರ ಬಿಸಿ ಆದ ಹೌಸಿಂಗ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ನೀರು ಎಳ್ಕೊಂತದ. ಗೇರ್ ಆಯಿಲ್ ಹಾಲಿನಂಗ ಆಗ್ತದ, ಬೇರಿಂಗಿನ ಮ್ಯಾಲ ಚುಕ್ಕಿ ಬೀಳ್ತಾವ, ಮುಂದಿನ ಬೆಳಿಗೆ ಕ್ರೌನ್-ಪಿನಿಯನ್ ಆವಾಜ್. ಕ್ರೌನ್-ಪಿನಿಯನ್ ಖರ್ಚು ಕೇಳಿ ಮಾಲೀಕ ಹೊಸ ಟ್ರ್ಯಾಕ್ಟರ್ ಕಂತಿಗೆ ಸಹಿ ಹಾಕ್ತಾನ.

ಇದು ತಪ್ಪಿಸಲಿಕ್ಕೆ: ಗದ್ದೆ ಹಂಗಾಮಿನಾಗ ಎರಡು ದಿನಕ್ಕೊಮ್ಮೆ, ಮುಂಜಾನೆ ಸ್ಟಾರ್ಟ್ ಮಾಡೋಕ್ಕಿಂತ ಮೊದಲು ಗೇರ್‌ಬಾಕ್ಸಿನ ಕೆಳಗಿನ ಬೋಲ್ಟ್ ಎರಡು ಸುತ್ತು ಸಡ್ಲ ಮಾಡ್ರಿ, ತೆಗೀಬ್ಯಾಡ್ರಿ. ರಾತ್ರಿ ನಿಂತ ಮ್ಯಾಲ ನೀರು ತಳಕ್ಕ ಕೂತಿರ್ತದ. ಮೊದಲ ಹನಿ ನೀರು ಬಂದ್ರ ಎಣ್ಣಿ ಬರೋ ತನಕ ಬಿಟ್ಟು ಮತ್ತ ಬಿಗೀರಿ, ಹಂಗಾಮು ಮುಗಿದ ಕೂಡಲೇ ಸೀಲ್ ಬದಲಿ ಮಾಡ್ರಿ. ಎಣ್ಣಿ ಪೂರಾ ಬೆಳ್ಳಗಾಗಿದ್ರ ಎಲ್ಲಾ ಇಳಿಸಿ, ಡೀಸೆಲ್ ಹಾಕಿ ಭಾರ ಇಲ್ಲದ ಐದು ನಿಮಿಷ ತಿರುಗಿಸಿ ಇಳಿಸ್ರಿ, ಆಮ್ಯಾಲ ಹೊಸ ಎಣ್ಣಿ. ಹೌಸಿಂಗ್ ಮ್ಯಾಲಿನ ಬ್ರೀದರ್ ತೂತು ಮಣ್ಣಿನಿಂದ ಮುಚ್ಚಿದ್ರ ಹೊಸ ಸೀಲೂ ನಿಲ್ಲಂಗಿಲ್ಲ. ಅದನ್ನ ತಂತಿ ಹಾಕಿ ಸ್ವಚ್ಛ ಮಾಡೋದು ಯಾರೂ ನೆನಪು ಇಡಂಗಿಲ್ಲ.

ತೋರಣಗಲ್ಲು ಲಾರಿ ಲೈನ್

ಬಳ್ಳಾರಿಯ ವಿಷಯದಲ್ಲಿ ಒಂದು ದಿನಾಂಕ ಬಿಟ್ಟು ಹೋಗೈತೆ: 2011ರ ಜುಲೈ 29. ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ದಿನ. ಸಂಡೂರು, ಹೊಸಪೇಟೆ ದಾರಿಯಲ್ಲಿ ಅದಿರು ಹೊತ್ತ ಟಾಟಾ 1613, ಹತ್ತು ಗಾಲಿಯ 2516 ಒಟ್ಟಿಗೆ ಕೆಲಸ ಕಳಕೊಂಡ್ವು. ಬೇರೆ ಕಡೆ ಮಾಡೆಲ್ ಹತ್ತು, ಇಪ್ಪತ್ತು ವರ್ಷದಲ್ಲಿ ನಿಧಾನಕ್ಕೆ ಕರಗ್ತೈತೆ. ಇಲ್ಲಿ ತಿಂಗಳುಗಳಲ್ಲಿ ಆಯ್ತು. ಕಂತು ತಪ್ಪಿದ್ದನ್ನ ಫೈನಾನ್ಸ್‌ನವರು ಎಳಕೊಂಡು ಹೋದ್ರು, ಕೆಲವು ಎನ್‌ಒಸಿ ತಗೊಂಡು ಬೇರೆ ರಾಜ್ಯಕ್ಕೆ ಹೋದ್ವು, ಕೆಲವು ನಿಂತಲ್ಲೇ ಬಿಚ್ಚಿಹೋದ್ವು. 2013ರ ಏಪ್ರಿಲ್ ತೀರ್ಪಿನ ಮೇಲೆ ಗಣಿ ಹಂತ ಹಂತವಾಗಿ ಮತ್ತೆ ತೆರೀತು, ಆದ್ರೆ ಎರಡು ಮಳೆಗಾಲ ನಿಂತ ಲಾರಿ ಎಬ್ಬಿಸೋದು ಸುಲಭ ಅಲ್ಲ.

ಅದಿರು ಎಳೆದ ಲಾರಿ ಕೊಳ್ಳೋವ್ರು ಮೀಟರ್ ನೋಡಬೇಡಿ, ಚಾಸಿ ನೋಡಿ. ಹಿಂದಿನ ಸ್ಪ್ರಿಂಗ್ ಬ್ರ್ಯಾಕೆಟ್ ಸುತ್ತ ಬಿರುಕು, ಬೆಸುಗೆ ಕಲೆ ಇರ್ತೈತೆ. ಕಂಪನಿ ಕೊಟ್ಟಿದ್ದಕ್ಕಿಂತ ಸ್ಪ್ರಿಂಗ್ ಎಲೆ (ಪಟ್ಟಿ) ಹೆಚ್ಚು ಹಾಕಿರ್ತಾರೆ. ಎಲೆ ಎಣಿಸಿದ್ರೆ ಓವರ್‌ಲೋಡ್ ಗೊತ್ತಾಗ್ತೈತೆ. ಕೆಂಪು ಧೂಳು ಸಣ್ಣಗೆ ಅರೆದ ಕಬ್ಬಿಣದ ಕಲ್ಲು. ಏರ್ ಕ್ಲೀನರ್ ಪೈಪಿನ ಒಳಗೆ ಬೆರಳು ಆಡಿಸಿ, ಫಿಲ್ಟರ್ ದಾಟಿದ ಮೇಲೂ ಕೆಂಪು ಅಂಟಿದ್ರೆ ಲೈನರ್ ಸವೆದೈತೆ ಅಂತಲೇ ತಿಳ್ಕೊಳ್ಳಿ. ಜೀಪು, ಟ್ರ್ಯಾಕ್ಟರಿನ ಆಯಿಲ್-ಬಾತ್ ಕ್ಲೀನರ್ ಆದ್ರೆ ಎಣ್ಣೆ ಗೆರೆಯ ತನಕ ಮಾತ್ರ. ಹೆಚ್ಚಾದ್ರೆ ಇಂಜಿನ್ ಎಳ್ಕೊಳ್ತೈತೆ, ಕಮ್ಮಿ ಆದ್ರೆ ಧೂಳು ಒಳಕ್ಕೆ. ಗಣಿ ದಾರಿಯಲ್ಲಿ ದಿನಾ ನೋಡಬೇಕು.

ಇನ್ನೊಂದು, 15 ವರ್ಷ ದಾಟಿದ ಲಾರಿ, ಬಸ್ಸಿನ ಎಫ್‌ಸಿ (ಫಿಟ್‌ನೆಸ್ ಪತ್ರ) ಶುಲ್ಕ 2022ರ ಏಪ್ರಿಲ್‌ನಲ್ಲಿ ₹1,500ರಿಂದ ₹12,500 ಆಯ್ತು. ಹಂಗಾಮಿಗೆ ಮಾತ್ರ ಓಡೋ ಹಳೇ ಲಾರಿಗೆ ಅದು ಭಾರ.

ಬಳ್ಳಾರಿ_34

ಸರ್ಕಾರಿ ಜೀಪುಗಳ ವಿಷಯ ಇದಕ್ಕೆ ಸೇರ್ತೈತೆ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ, ನಿಗಮದ ಗಾಡಿಗಳ ನೋಂದಣಿ ನವೀಕರಣ ಆಗಲ್ಲ, ನೋಂದಾಯಿತ ಸ್ಕ್ರ್ಯಾಪ್ ಘಟಕಕ್ಕೇ ಹೋಗಬೇಕು. ಮುಂಚೆ ಇಲಾಖೆಗಳ ಜೀಪು, ಅಂಬಾಸಿಡರ್ ಹರಾಜಲ್ಲಿ ಬಂದು ಹಳ್ಳಿಯಲ್ಲಿ ಇನ್ನೂ ಹತ್ತು ವರ್ಷ ಓಡ್ತಿದ್ವು. ಓಡದೇ ಇದ್ದಿದ್ದು ಬಿಡಿಭಾಗಕ್ಕೆ ಆಗ್ತಿತ್ತು. ಆ ಬಾಗಿಲು ಮುಚ್ಚಿತು. ಹೊಗೆ ಕಮ್ಮಿ ಆಗಬೇಕು ಅನ್ನೋದನ್ನ ಒಪ್ತೀನಿ. ಆದ್ರೆ ಆಕ್ಸಲ್, ಗೇರ್‌ಬಾಕ್ಸ್, ಗಾಜು ಹೊಗೆ ಬಿಡಲ್ಲ, ಅವನ್ನ ಬಿಚ್ಚಿ ಮಾರೋ ವ್ಯವಸ್ಥೆ ನಮ್ಮ ಹತ್ತಿರದಲ್ಲೇ ಇರಬೇಕಿತ್ತು.

ಈಗ ಕೇಳೋದು ಒಂದೇ: ಇವತ್ತು ಸಾಕಷ್ಟು ಕಾಣ್ತಿರೋ, ಇನ್ನು ಸ್ವಲ್ಪ ವರ್ಷಕ್ಕೆ ಕಾಣದೇ ಹೋಗೋ ಗಾಡಿ ಯಾವುದು? ಈಗಲೇ ಏನು ಎತ್ತಿಟ್ಕೋಬೇಕು?

ರಾಯಚೂರು ಡೀಸೆಲ್ ಪಂಪ್

ಟಾಟಾ ಇಂಡಿಕಾ ಡೀಸೆಲ್. 1998ಕ್ಕ ಬಂತು, 2018ಕ್ಕ ನಿಂತ್ತು. ಟ್ಯಾಕ್ಸಿ ಆಗಿ ಓಡಿ ಸುಸ್ತಾದವು ಈಗ ಅಗ್ಗಕ್ಕ ತೂಕಕ್ಕ ಹೊಂಟಾವ. ಇಂಜಿನ್ ಚಿಂತಿ ಇಲ್ಲ: 1405 ಸಿಸಿ ನಾಲ್ಕು ಸಿಲಿಂಡರ್, ಟಾಟಾ ಏಸಿಂದು 702 ಸಿಸಿ ಎರಡು ಸಿಲಿಂಡರ್. ಆ ಛೋಟಾ ಹಾಥಿ ಇಂಜಿನ್ ಇದರಿಂದಲೇ ಹುಟ್ಟಿದ್ದು. ಏಸ್ ಓಡೋ ತನಕ ಒಳಗಿನ ಸಾಮಾನಿನ ದಾರಿ ಪೂರಾ ಮುಚ್ಚಂಗಿಲ್ಲ.

ಕೌಲ್‌ಬಜಾರ್ ಶೆಡ್

ಹೌದು, ಇಂಡಿಕಾದಲ್ಲಿ ಹೋಗೋದು ಹೊರಗಿನದು. ಗುಜರಿಗೆ ಬಂದ ಗಾಡಿಯಿಂದ ಈಗಲೇ ತೆಗೆದಿಡೋದು: ಹಿಂದಿನ ಡಿಕ್ಕಿ ಗಾಜು, ಎರಡು ಕಡೆ ಟೇಲ್ ಲೈಟ್, ಹೆಡ್‌ಲೈಟ್, ಬಾಗಿಲ ರಬ್ಬರ್ ನಾಲ್ಕು, ಕಿಟಕಿ ಏರಿಸೋ ಮಷೀನು, ಮೀಟರ್ ಕ್ಲಸ್ಟರ್, ಹೊರ ಹ್ಯಾಂಡಲ್. ರಬ್ಬರ್‌ನ ಮಡಚಿ ಇಡಬೇಡಿ. ಪೌಡರ್ ಸವರಿ, ಗುಂಡಗೆ ಸುತ್ತಿ, ಕತ್ತಲಲ್ಲಿ ಇಡಿ. ಗಾಜನ್ನ ಮಲಗಿಸದೇ ನಿಲ್ಲಿಸಿ ಇಡಿ, ಕೆಳಗೆ ಗೋಣಿಚೀಲ ಹಾಸಿ. ಒಂದೊಂದರ ಮೇಲೂ ಇಸವಿ, ಎಡ ಅಥವಾ ಬಲ ಅಂತ ಬರೆದು ಚೀಟಿ ಅಂಟಿಸಿ. ಆಮೇಲೆ ಬಂದ ಇಂಡಿಕಾ ವಿ2ದು ಹಳೇ ಇಂಡಿಕಾಕ್ಕೆ ಎಲ್ಲಾ ಕೂಡಲ್ಲ, ಅದನ್ನೂ ಚೀಟಿಯಲ್ಲಿ ಬರೀರಿ. ಮಾಲೀಕ ಬಂದು ಕೇಳೋ ಹೊತ್ತಿಗೆ ಇಟ್ಟವನಿಗೂ ನೆನಪಿರಲ್ಲ.